ಪಾಲಿಬೆಟ್ಟದ ಸಂಜೆ ಬಸ್ಸು

ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಕೊಡಗಿನ ಪಾಲಿಬೆಟ್ಟದ ಪೇಟೆಯಲ್ಲಿ ಮಂಜು ಇನ್ನೂ ಕರಗಿರುವುದಿಲ್ಲ. ಸಿಲ್ವರ್ ಮರಗಳ ತುದಿಯಿಂದ ಇಳಿದು ಅಂಗಡಿಗಳ ಹಂಚಿನ ಮೇಲೆ ಕೂತಿರುತ್ತದೆ. ಹೋಟೆಲಿನ ಒಳಗಿನಿಂದ ಪರೋಟ ಬಡಿಯುವ ಸದ್ದು, ಹೊರಗೆ ಅರ್ಧ ತೆರೆದ ಶಟರಿನ ಕೆಳಗೆ ಹಾಲಿನ ಕ್ರೇಟು, ಪಕ್ಕದಲ್ಲಿ ಪತ್ರಿಕೆಯ ಕಟ್ಟು. ಬಸ್ಸು ಕಣ್ಣಿಗೆ ಬೀಳುವ ಮುಂಚೆ ಅದರ ಹಾರನ್ ಬರುತ್ತದೆ. ಸುತ್ತಲ ತೋಟಗಳ ನೆರಳು ಅಷ್ಟು ದಟ್ಟ, ರಸ್ತೆಯ ತಿರುವು ಅಷ್ಟು ಹತ್ತಿರ. ಕಾಯುತ್ತ ನಿಂತವರಲ್ಲಿ ಹಳಬರು ತಲೆ ಎತ್ತುವುದೂ ಇಲ್ಲ. "ಅದು ಸಿದ್ದಾಪುರದ್ದು, ನಮ್ಮದಲ್ಲ" ಎಂದು ಮಾತು ಮುಂದುವರಿಸುತ್ತಾರೆ.

ಆ ಗುಂಪನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಗೋಣಿಕೊಪ್ಪದ ಕಾವೇರಿ ಕಾಲೇಜಿಗೆ ಹೋಗುವ ಹುಡುಗಿಯರು ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ನಿಂತಿರುತ್ತಾರೆ. ಮಡಿಕೇರಿಯ ದೊಡ್ಡಾಸ್ಪತ್ರೆಗೆ ಹೊರಟ ಅಜ್ಜನ ಕಂಕುಳಲ್ಲಿ ಎಕ್ಸ್‌ರೇಯ ಉದ್ದನೆಯ ಕವರು. ವಿರಾಜಪೇಟೆಯ ತಾಲ್ಲೂಕು ಕಚೇರಿಗೆ ಹೊರಟವರ ಕೈಯಲ್ಲಿ ಪಹಣಿ ತುಂಬಿದ ಪ್ಲಾಸ್ಟಿಕ್ ಚೀಲ. ತೋಟಕ್ಕೆ ಹೋಗುವ ಹೆಂಗಸರು ತಲೆಗೆ ಬಟ್ಟೆ ಸುತ್ತಿ, ಬುತ್ತಿಯ ಡಬ್ಬಿಯನ್ನು ಚೀಲದೊಳಗೆ ನೆಟ್ಟಗೆ ನಿಲ್ಲಿಸಿಕೊಂಡಿರುತ್ತಾರೆ. ಅಸ್ಸಾಮಿನಿಂದ ಬಂದ ಹುಡುಗರು ಬೇರೆಯೇ ಗುಂಪಾಗಿ ಫೋನು ನೋಡುತ್ತಿರುತ್ತಾರೆ. ರಜೆ ಮುಗಿಸಿ ಹೊರಟ ಸೈನಿಕನೊಬ್ಬ ಇದ್ದನೆಂದರೆ ಅವನ ಕಪ್ಪು ಟ್ರಂಕಿನ ಸುತ್ತ ಮನೆಯವರೆಲ್ಲ ಸುಮ್ಮನೆ ನಿಂತಿರುತ್ತಾರೆ. ಕೊಡವ ತಕ್ಕ್, ಮಲಯಾಳ, ತಮಿಳು, ತುಳು, ಯರವರ ಮಾತು, ಈಗೀಗ ಹಿಂದಿ, ಎಲ್ಲವೂ ಅಲ್ಲಿ ಕೇಳುತ್ತವೆ. ಬಸ್ಸು ಬಂದು ನಿಂತ ಕೂಡಲೇ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ಕಂಡಕ್ಟರು ಮಾತ್ರ ಎಲ್ಲ ಭಾಷೆಯಲ್ಲೂ ಚಿಲ್ಲರೆ ಕೇಳಬಲ್ಲ.

"ಅಕ್ಕ, ಸ್ವಲ್ಪ ಒಳಗೆ ಹೋಗಿ. ಹಿಂದೆ ಖಾಲಿ ಉಂಟು."

"ಎಲ್ಲಿ ಖಾಲಿ ಉಂಟು ಅಣ್ಣ? ನೀನೇ ತೋರಿಸು."

ಹಿಂದೆ ಖಾಲಿ ಇರುವುದಿಲ್ಲ. ಆದರೂ ಎಲ್ಲರೂ ಹಿಡಿಸುತ್ತಾರೆ.

ಪಾಲಿಬೆಟ್ಟದಿಂದ ಹೊರಡುವ ದಾರಿಗಳೆಲ್ಲ ಹತ್ತಿರದ ಊರುಗಳಿಗೇ ಹೋಗುತ್ತವೆ. ಒಂದು ಅಮ್ಮತ್ತಿಗೆ, ಅಲ್ಲಿಂದ ವಿರಾಜಪೇಟೆಗೆ. ಒಂದು ಸಿದ್ದಾಪುರಕ್ಕೆ, ಅಲ್ಲಿ ಕಾವೇರಿಯ ಸೇತುವೆ ದಾಟಿ ನೆಲ್ಯಹುದಿಕೇರಿಯ ಮೇಲೆ ಕುಶಾಲನಗರಕ್ಕೋ ಮಡಿಕೇರಿಗೋ. ಒಂದು ಗೋಣಿಕೊಪ್ಪಕ್ಕೆ. ಚೆನ್ನಯ್ಯನಕೋಟೆ, ಮಾಲ್ದಾರೆಯ ಕಡೆಗೆ ಹೋಗುವ ದಾರಿಯಲ್ಲಿ ಮುಂದೆ ಮುಂದೆ ಮನೆ ಕಡಿಮೆಯಾಗಿ ಕಾಡು ಹೆಚ್ಚಾಗುತ್ತದೆ. ಮೊದಲು ಸಿಗುವ ಊರು ಯಾವುದೂ ದೂರವಲ್ಲ, ಹತ್ತು ಹನ್ನೆರಡು ಕಿಲೋಮೀಟರಿನ ಒಳಗೇ. ಆದರೆ ಇಲ್ಲಿ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಮೈಸೂರಿಗೆ ಎಷ್ಟು ದೂರ ಎಂದು ಕೇಳಿದರೆ, "ಏಳು ಗಂಟೆಯ ಬಸ್ಸಿಗೆ ಹೋದರೆ ಕೆಲಸ ಮುಗಿಸಿ ಸಂಜೆಗೆ ಬರಬಹುದು, ತಪ್ಪಿದರೆ ಅಲ್ಲೇ ಉಳಿಯಬೇಕು" ಎನ್ನುವುದೇ ಉತ್ತರ.

ಈ ಪುಟ್ಟ ಊರಿನ ಹೆಸರು ಹೊರಗೆ ಎಷ್ಟು ದೂರ ಹೋಗಿದೆ ಎಂಬುದು ಬಸ್ಸು ಕಾಯುವವರಿಗೆ ದಿನವೂ ನೆನಪಾಗುವ ವಿಷಯವಲ್ಲ. ಕನ್ಸಾಲಿಡೇಟೆಡ್ ಕಾಫಿ ಕಂಪನಿ, ಮುಂದೆ ಅದೇ ಟಾಟಾ ಕಾಫಿಯಾಗಿ, ತನ್ನ ನೋಂದಾಯಿತ ಕಚೇರಿಯನ್ನು ದಶಕಗಳ ಕಾಲ ಇಲ್ಲೇ ಇಟ್ಟುಕೊಂಡಿತ್ತು. ಮುಂಬೈ ಷೇರುಪೇಟೆಯಲ್ಲಿ ಷೇರು ಮಾರಾಟವಾಗುತ್ತಿದ್ದ ಆ ಕಂಪನಿಯ ವಾರ್ಷಿಕ ವರದಿಯಲ್ಲಿ ಪಾಲಿಬೆಟ್ಟ 571215 ಎಂಬ ವಿಳಾಸ ಇರುತ್ತಿತ್ತು. 2024ರ ಜನವರಿಯಲ್ಲಿ ಆ ಕಂಪನಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಇಲ್ಲಿನ ಕಾಫಿ ಹಡಗು ಹತ್ತಿ ಕಡಲಾಚೆಗೆ ಹೋಗುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಮಾಕುಟ್ಟದ ಘಟ್ಟ ಇಳಿದು ತಲಶ್ಶೇರಿಗೆ ಹೋಗುತ್ತಿತ್ತು, ಈಗ ಲಾರಿಯಲ್ಲಿ ಹೋಗುತ್ತದೆ. ಕಾಫಿಗೆ ದಾರಿ ಯಾವತ್ತೂ ಸಿಕ್ಕಿದೆ. ಅದನ್ನು ಕೊಯ್ಯುವವರ ದಾರಿಯ ಮಾತು ಬೇರೆ.

ರೈಲು? ಕೊಡಗು ಜಿಲ್ಲೆಯಲ್ಲಿ ಒಂದು ರೈಲು ನಿಲ್ದಾಣವೂ ಇಲ್ಲ, ಜನರನ್ನು ಹೊರುವ ಒಂದು ಗಜ ಹಳಿಯೂ ಇಲ್ಲ. ಬೆಂಗಳೂರಿನಿಂದ ಹೊರಟ ರೈಲು 1882ರಲ್ಲಿ ಮೈಸೂರಿಗೆ ಬಂತು. ಅಲ್ಲಿಂದ ಪಶ್ಚಿಮಕ್ಕೆ, ಬೆಟ್ಟದ ಕಡೆಗೆ ಬರಲಿಲ್ಲ. 1952ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಅದರ ಮುಖ್ಯಮಂತ್ರಿಯಾಗಿದ್ದ ಸಿ. ಎಂ. ಪೂಣಚ್ಚನವರು 1967ರಿಂದ 1969ರವರೆಗೆ ಕೇಂದ್ರದ ರೈಲ್ವೆ ಮಂತ್ರಿಯಾಗಿದ್ದರು. ಆಗಲೂ ಬರಲಿಲ್ಲ. ಈ ಸಂಗತಿಯನ್ನು ಹಿರಿಯರು ಕೆಲವರು ಕೊರಗಿ ಹೇಳುತ್ತಾರೆ, ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಎರಡನೆಯವರ ಮಾತೇ ಹೆಚ್ಚು ಹಿಡಿಸುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ಗೋಣಿಕೊಪ್ಪದ ಬಸ್ಸು ಹತ್ತೋಣ. ಕ್ಲೀನರ್ ಬಾಗಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಮೆಟ್ಟಿಲಲ್ಲಿ ಇಟ್ಟು, ವಿಸಿಲ್ ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಾನೆ. ಡ್ರೈವರ್‌ನ ಮುಂದೆ ಗಣಪತಿಯ ಜೊತೆ ಕಾವೇರಮ್ಮನ ಪಟ, ಅದಕ್ಕೆ ಬೆಳಗಿನ ಹೂವು. ಮಾರ್ಚಿನಲ್ಲಿ ಹೂಮಳೆ ಬಿದ್ದ ವಾರವಾದರೆ ಎರಡೂ ಬದಿಯ ರೊಬಸ್ಟಾ ಗಿಡಗಳು ಬೆಳ್ಳಗೆ ಬಿರಿದು, ಕಿಟಕಿಯಿಂದ ಒಳಗೆ ನುಗ್ಗುವ ಪರಿಮಳಕ್ಕೆ ನಿಂತವರೂ ಒಮ್ಮೆ ಸುಮ್ಮನಾಗುತ್ತಾರೆ. ಜುಲೈಯಲ್ಲಾದರೆ ಕಿಟಕಿಯ ಪರದೆಗಳನ್ನೆಲ್ಲ ಇಳಿಸಿರುತ್ತಾರೆ, ಒದ್ದೆ ಕೊಡೆಗಳಿಂದ ಸೋರಿದ ನೀರು ನೆಲದಲ್ಲಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆದರೆ ಯಾವ ತಿರುವು ಬಂತೆಂದು ಮೈಗೆ ಗೊತ್ತಾಗುತ್ತದೆ. "ಗೇಟಲ್ಲಿ ಇಳೀಲಿಕ್ಕೆ ಉಂಟು" ಎಂದು ಕೂಗುತ್ತಾರೆ. ಇಲ್ಲಿ ನಿಲ್ದಾಣಗಳ ಹೆಸರು ಅದೇ. ಇಂಥ ತೋಟದ ಗೇಟು, ಆಳುಗಳ ಇಂಥ ಲೈನ್‌ಮನೆಯ ಏರು, ದೊಡ್ಡ ಹಲಸಿನ ಮರ. ಯಾವ ಬೋರ್ಡಿನ ಮೇಲೂ ಬರೆದಿಲ್ಲ, ಹೊಸ ಕಂಡಕ್ಟರಿಗೆ ಒಂದು ತಿಂಗಳಾದರೂ ಬೇಕು.

ಈ ಓಡಾಟದ ಬಹುಪಾಲು ಖಾಸಗಿ ಬಸ್ಸುಗಳದ್ದು. ಕೊಡಗಿನ ಒಳನಾಡನ್ನು ದಶಕಗಳಿಂದ ಹೊತ್ತು ತಿರುಗಿದವು ಅವೇ. ಹೊರಗಿನವರಿಗೆ ಅವು ತಮ್ಮಿಷ್ಟ ಬಂದಂತೆ ಓಡುತ್ತವೆ ಎನ್ನಿಸಬಹುದು. ಹಾಗಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್ ಕೊಡುವಾಗಲೇ ದಾರಿ ಯಾವುದು, ಯಾವ ಊರಿಗೆ ಎಷ್ಟು ಗಂಟೆಗೆ ಮುಟ್ಟಬೇಕು, ಎಷ್ಟು ಗಂಟೆಗೆ ಬಿಡಬೇಕು ಎಂಬ ಪಟ್ಟಿ ಇರುತ್ತದೆ. ಬಸ್ಸಿನವರ ಬಾಯಲ್ಲಿ ಅದು ಟೈಮಿಂಗ್. ಮುಂದಿನ ಬಸ್ಸು ತನ್ನ ಟೈಮಿಂಗ್ ಬಿಟ್ಟು ಐದು ನಿಮಿಷ ನಿಂತರೆ ಹಿಂದಿನ ಬಸ್ಸಿನ ಜನ ಹೋಯಿತು. ಗೋಣಿಕೊಪ್ಪದ ಸ್ಟ್ಯಾಂಡಿನಲ್ಲಿ ಕೇಳಿಬರುವ ಜಗಳಗಳಲ್ಲಿ ಅರ್ಧಕ್ಕರ್ಧ ಆ ಐದು ನಿಮಿಷದ್ದು. ಬೆಳಗಿನ ಟ್ರಿಪ್ಪಿಗೆ ಎಲ್ಲರೂ ಬೇಕು, ಸಂಜೆ ನಾಲ್ಕೂವರೆಯದಕ್ಕೂ ಬೇಕು. ಕತ್ತಲಾದ ಮೇಲಿನ ಟ್ರಿಪ್ಪಿಗೆ ಹೋಗುವಾಗ ಹತ್ತು ಜನ, ವಾಪಸು ಬರುವಾಗ ಇಬ್ಬರು. ಡೀಸೆಲ್ ಹುಟ್ಟುವುದಿಲ್ಲ. ಮಳೆಗಾಲ ಬಂದರೆ ಅದೂ ಇಲ್ಲ. ಪರ್ಮಿಟ್ಟಿನ ಕಾಗದದಲ್ಲಿ ಇದ್ದರೂ ರಸ್ತೆಯಲ್ಲಿ ಇರುವುದಿಲ್ಲ. "ಟ್ರಿಪ್ ಕಟ್" ಎಂದರೆ ಇದು. ಬಸ್ಸಿನ ಮಾಲೀಕರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವರ ಲೆಕ್ಕ ಸುಳ್ಳಲ್ಲ.

ಸರ್ಕಾರಿ ಬಸ್ಸು ಇಲ್ಲವೇ? ಇದೆ, ಮುಖ್ಯ ದಾರಿಗಳಲ್ಲಿ. ಮಡಿಕೇರಿಯ ಡಿಪೋ ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗಕ್ಕೆ ಸೇರಿದೆ. ಕೊಡಗಿನ ಒಂದು ಟ್ರಿಪ್ಪು ಬೇಕು ಬೇಡ ಎಂಬ ಅರ್ಜಿ ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಹೋಗಿ ಬರಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗ ರಾಜ್ಯದ ಹೆಂಗಸರೆಲ್ಲ ಆಧಾರ್ ಕಾರ್ಡು ಹಿಡಿದು ಸಾಮಾನ್ಯ ಸರ್ಕಾರಿ ಬಸ್ಸುಗಳಿಗೆ ಹತ್ತಿದರು. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಮಂಡ್ಯದ ಹೆಂಗಸು ಮೈಸೂರಿಗೆ ಹೋಗಿ ಬರುವುದು ಪುಕ್ಕಟೆ. ತೋಟದ ಕೂಲಿಯ ಹೆಂಗಸು ಸಂತೆಗೆಂದು ಸಿದ್ದಾಪುರಕ್ಕೆ ಹೋಗಿ ಬರಲು ದುಡ್ಡು ಕೊಡಬೇಕು. ಯೋಜನೆ ಒಳ್ಳೆಯದೇ, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಬಸ್ಸೇ ಇಲ್ಲದ ಕಡೆ ಹಕ್ಕು ಹೇಗೆ ಹತ್ತಿ ಕೂರಬೇಕು? ಮಕ್ಕಳ ಪಾಸಿನ ಮಾತೂ ಅದೇ. ಪಾಸು ಸರ್ಕಾರಿ ಬಸ್ಸಿಗೆ, ಕಾಲೇಜಿನ ಹೊತ್ತಿಗೆ ಬರುವುದು ಖಾಸಗಿ ಬಸ್ಸು.

ಗೋಣಿಕೊಪ್ಪದಿಂದ ಮೈಸೂರಿನ ಬಸ್ಸು ಹಿಡಿದವರು ತಿತಿಮತಿ ದಾಟಿ ಕಾಡು ಹೊಗುತ್ತಾರೆ. ಮತ್ತಿಗೋಡು ಶಿಬಿರದ ಆನೆಗಳು ರಸ್ತೆಯ ಪಕ್ಕದಲ್ಲೇ ಕಾಣಸಿಗುತ್ತವೆ. 2020ರಿಂದ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಅಭಿಮನ್ಯು ಇಲ್ಲಿಯವನೇ. ಮಕ್ಕಳು ಬಸ್ಸಿನ ಒಂದೇ ಬದಿಗೆ ಸೇರಿ ಬಗ್ಗಿ ನೋಡುತ್ತಾರೆ, ದೊಡ್ಡವರು ನಿದ್ದೆ ಮಾಡುವಂತೆ ಕೂತು ತಾವೂ ನೋಡುತ್ತಾರೆ. ಆನೆಚೌಕೂರು ಗೇಟು, ಹುಣಸೂರು, ಬಿಳಿಕೆರೆ, ಇಲವಾಲ. ಸುಮಾರು ನೂರು ಕಿಲೋಮೀಟರು ಕಳೆದ ಮೇಲೆ ಮೈಸೂರಿನ ರೈಲು ನಿಲ್ದಾಣ. ಪಾಲಿಬೆಟ್ಟದ ರೈಲು ನಿಲ್ದಾಣವೂ ಅದೇ ಎನ್ನಬೇಕು. ಇಲ್ಲದಿದ್ದರೆ ಪಶ್ಚಿಮಕ್ಕೆ ವಿರಾಜಪೇಟೆ, ಮಾಕುಟ್ಟ, ಕೂಟುಪೊಳೆ ಇಳಿದು ತಲಶ್ಶೇರಿ ಅಥವಾ ಕಣ್ಣೂರು. 2018ರ ಜೂನಿನ ಮಳೆಗೆ ಆ ಘಟ್ಟದ ರಸ್ತೆ ಕುಸಿದಾಗ, 2020ರಲ್ಲಿ ಕೋವಿಡ್ ಎಂದು ಗಡಿಗೆ ಮಣ್ಣು ಸುರಿದಾಗ ಆ ಬಾಗಿಲೂ ಮುಚ್ಚಿತ್ತು. ಮದ್ದೂರಿನವರು, ರಾಮನಗರದವರು ಸೀಸನ್ ಪಾಸು ಜೇಬಿನಲ್ಲಿಟ್ಟುಕೊಂಡು ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಮನೆಯ ಊಟಕ್ಕೆ ವಾಪಸು ಬರುತ್ತಾರೆ. ಆ ಬದುಕು ಇಲ್ಲಿನವರಿಗೆ ಕಥೆಯಲ್ಲಿ ಕೇಳಿದ್ದು.

ಆದರೆ ರೈಲು ಕಂಬಿಗಳನ್ನು ಇಲ್ಲಿನ ಮಕ್ಕಳು ನೋಡಿಲ್ಲ ಎಂದುಕೊಳ್ಳಬಾರದು. ನೋಡಿದ್ದಾರೆ, ನಿಂತಿರುವುದನ್ನು. ಕಾಡಿನಂಚಿನಲ್ಲಿ ಅರಣ್ಯ ಇಲಾಖೆ ರೈಲ್ವೆಯವರು ಬಳಸಿ ಬಿಟ್ಟ ಹಳೆಯ ಕಂಬಿಗಳನ್ನು ಕಂಬವಾಗಿ ನೆಟ್ಟು, ಅಡ್ಡಡ್ಡ ಜೋಡಿಸಿ ಆನೆಗೆ ಬೇಲಿ ಹಾಕಿದೆ. ನಾಗರಹೊಳೆಯ ಸುತ್ತ, ಕೊಡಗಿನ ಕಾಡು–ತೋಟದ ಗಡಿಯಲ್ಲಿ ಇಂಥ ಬೇಲಿ ಎದ್ದಿದೆ. ಎಲ್ಲೋ ಬಯಲುಸೀಮೆಯಲ್ಲಿ ಸಾವಿರಾರು ರೈಲುಗಳನ್ನು ಹೊತ್ತ ಉಕ್ಕು ಇಲ್ಲಿ ಮಳೆಗೆ ತುಕ್ಕು ಹಿಡಿಯುತ್ತ ನಿಂತಿದೆ. ವೀರನಹೊಸಹಳ್ಳಿಯ ಬಳಿ 2018ರ ಡಿಸೆಂಬರಿನಲ್ಲಿ ಒಂದು ಗಂಡಾನೆ ಅದನ್ನು ಹತ್ತಿ ದಾಟಲು ಹೋಗಿ ಸಿಕ್ಕಿಕೊಂಡು ಸತ್ತಿತು. ಆ ಚಿತ್ರ ಕಂಡವರಿಗೆ ಮರೆಯುವುದಿಲ್ಲ. ಬೇಲಿಯ ಒಳಗೂ ಆನೆ ಇದೆ, ಹೊರಗೂ ಇದೆ. ತೋಟದಲ್ಲೇ ಹುಟ್ಟಿ, ತೋಟದ ಹಲಸು ತಿಂದು, ತೋಟದ ಕೆರೆಯಲ್ಲೇ ನೀರು ಕುಡಿದು ಬೆಳೆದ ಆನೆಗಳಿಗೆ ಕಾಡು ಯಾವುದೆಂದು ಹೇಳಿಕೊಡುವವರು ಯಾರು?

ಇದಕ್ಕೇ ನಾನು ಮೈಸೂರು–ತಲಶ್ಶೇರಿ ರೈಲು ಬೇಡ ಎನ್ನುವವರ ಪಕ್ಷ. ಬ್ರಿಟಿಷರ ಕಾಲದಿಂದಲೂ ಆ ಗೆರೆ ನಕ್ಷೆಯ ಮೇಲೆ ಬರುತ್ತ ಹೋಗುತ್ತ ಇದೆ. ದಕ್ಷಿಣ ಕೊಡಗಿನ ಕಾಡು, ಗದ್ದೆ, ತೋಟಗಳನ್ನು ಸೀಳಿ ಹೋಗುವ ಗೆರೆ. ಮೈಸೂರಿನಿಂದ ಕೋಯಿಕ್ಕೋಡಿಗೆ 400 ಕೆವಿ ವಿದ್ಯುತ್ ಮಾರ್ಗ ಎಳೆದಾಗ ಇದೇ ನಾಡಿನಲ್ಲಿ ಸಾವಿರಾರು ಮರ ಉರುಳಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಮುಂದೆ 2018ರ ಆಗಸ್ಟಿನಲ್ಲಿ ಬೆಟ್ಟಗಳೇ ಜಾರಿದವು. 2019ರಲ್ಲಿ ಸಿದ್ದಾಪುರದ ಹತ್ತಿರದ ಕರಡಿಗೋಡು, ಗುಹ್ಯದ ಮನೆಗಳಿಗೆ ಕಾವೇರಿ ನುಗ್ಗಿತು. ಇನ್ನೊಂದು ಯೋಜನೆ ಮೈಸೂರಿನಿಂದ ಕುಶಾಲನಗರಕ್ಕೆ, 87 ಕಿಲೋಮೀಟರು, ಸುಮಾರು 1,850 ಕೋಟಿ ರೂಪಾಯಿಯ ಅಂದಾಜು. ಹುಣಸೂರು, ಪಿರಿಯಾಪಟ್ಟಣದ ಬಯಲಿನಲ್ಲಿ ಬಂದು ಕೊಡಗಿನ ಹೊಸ್ತಿಲಲ್ಲಿ ನಿಲ್ಲುವಂಥದ್ದು. ಅದು ಬಂದರೆ ನನ್ನ ತಕರಾರಿಲ್ಲ. ಬಂದ ದಿನವೂ ಪಾಲಿಬೆಟ್ಟದವರು ಆ ನಿಲ್ದಾಣಕ್ಕೆ ಹೋಗಬೇಕಾದದ್ದು ಸಿದ್ದಾಪುರ, ಗುಡ್ಡೆಹೊಸೂರಿನ ಮೇಲೆ, ಮೂವತ್ತು ಚಿಲ್ಲರೆ ಕಿಲೋಮೀಟರು, ಬಸ್ಸಿನಲ್ಲೇ. ರೈಲು ಬೇಕೇ ಬೇಡವೇ ಎಂಬ ಸಭೆ, ಮೆರವಣಿಗೆ, ಹೇಳಿಕೆಗಳ ಸದ್ದಿನಲ್ಲಿ ಸಂಜೆಯ ಬಸ್ಸಿನ ಮಾತು ಎತ್ತುವವರೇ ಇಲ್ಲದಂತಾಯಿತು ಎಂಬುದು ನನ್ನ ಕೊರಗು.

ಆ ಸಂಜೆಯನ್ನು ನೋಡಬೇಕಾದರೆ ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಬೇಕು. ಐದು ಗಂಟೆಗೆ ಕಾಲೇಜಿನ ಮಕ್ಕಳು ಹೋಗಿಬಿಡುತ್ತಾರೆ. ಆರಕ್ಕೆ ಬ್ಯಾಂಕಿನವರು, ಕಚೇರಿಯವರು. ಆಮೇಲೆ ಉಳಿಯುವವರು ಬಟ್ಟೆ ಅಂಗಡಿಯಲ್ಲಿ, ಮೆಡಿಕಲ್‌ಗಳಲ್ಲಿ, ಹೋಟೆಲುಗಳಲ್ಲಿ ಕೆಲಸ ಮಾಡುವ ಹುಡುಗಿಯರು. ಅಂಗಡಿ ಮುಚ್ಚುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ಎಂದೂ ಹೊಂದುವುದಿಲ್ಲ. ಮಾಲೀಕನ ಮುಖ ನೋಡಿ, ಕಾಲು ಗಂಟೆ ಮೊದಲೇ ಕೌಂಟರಿನಿಂದ ಜಾರಿ ಓಡಿ ಬರುತ್ತಾರೆ. ಭಾನುವಾರ ಸಂತೆಯಾದರೆ ಅಕ್ಕಿ, ಒಣಮೀನು, ಮಗುವಿನ ಚಪ್ಪಲಿ ತುಂಬಿದ ಚೀಲಗಳ ಜೊತೆ ತೋಟದ ಕುಟುಂಬಗಳು ಸೇರಿಕೊಳ್ಳುತ್ತವೆ. ಮೈಸೂರಿನ ಬಸ್ಸೊಂದು ಬಂದು ನಿಂತು ಇಪ್ಪತ್ತು ಜನರನ್ನು ಇಳಿಸುತ್ತದೆ. ಅವರಲ್ಲಿ ಪಾಲಿಬೆಟ್ಟದ ಕಡೆಯವರು ಇಳಿಯುವ ಮೊದಲೇ ಬಾಗಿಲಿನಿಂದ ಬಗ್ಗಿ ಕೇಳುತ್ತಾರೆ.

"ಪಾಲಿಬೆಟ್ಟದ್ದು ಹೋಯ್ತಾ?"

"ಈಗ ಹೋಯ್ತಲ್ಲ, ಎರಡು ನಿಮಿಷ ಆಗಿಲ್ಲ."

ಈ ಎರಡು ನಿಮಿಷವನ್ನು ಯಾರ ಮೇಲೂ ಹೊರಿಸುವಂತಿಲ್ಲ. ಮೈಸೂರಿನ ಬಸ್ಸಿಗೆ ಹುಣಸೂರಿನಲ್ಲಿ ತಡವಾಯಿತು. ಪಾಲಿಬೆಟ್ಟದ ಬಸ್ಸಿಗೆ ತನ್ನ ಟೈಮಿಂಗ್. ಒಂದು ಇನ್ನೊಂದಕ್ಕೆ ಕಾಯಬೇಕೆಂದು ಯಾವ ಪಟ್ಟಿಯಲ್ಲೂ ಬರೆದಿಲ್ಲ. ಆಮೇಲೆ ಆಟೊಗಳ ಸಾಲು. ಪರಿಚಯವಿಲ್ಲದ ನಾಲ್ವರು ಐವರು ಮಾತಾಡಿಕೊಂಡು ಬಾಡಿಗೆ ಹಂಚಿಕೊಳ್ಳುತ್ತಾರೆ. ಒಬ್ಬಳೇ ಇದ್ದ ಹುಡುಗಿ ಮನೆಗೆ ಫೋನು ಮಾಡಿ, ಅಣ್ಣನೋ ಅಪ್ಪನೋ ಬೈಕು ತರುವವರೆಗೆ ಬೆಳಕಿರುವ ಅಂಗಡಿಯ ಮುಂದೆ ನಿಲ್ಲುತ್ತಾಳೆ. ದಿನದ ಕೂಲಿಯ ಒಳ್ಳೆಯ ಪಾಲು ಒಂದು ಆಟೊ ಬಾಡಿಗೆಗೆ ಹೋಗುವಾಗ ಕೆಲಸ ಬಿಡುವುದೇ ವಾಸಿ ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಬಿಡುವವಳು ಹುಡುಗಿ, ಹುಡುಗನಲ್ಲ.

ಕತ್ತಲಿನ ದಾರಿಯಲ್ಲಿ ಹೆದರಿಕೆ ಇನ್ನೊಂದು. ಆನೆ ಯಾವ ತೋಟದಲ್ಲಿದೆ, ಎಲ್ಲಿ ರಸ್ತೆ ದಾಟಲಿದೆ ಎಂದು ಅರಣ್ಯ ಇಲಾಖೆಯ ತಂಡದಿಂದ, ಊರಿನ ವಾಟ್ಸ್ಆ್ಯಪ್ ಗುಂಪುಗಳಿಂದ ಮೆಸೇಜು ಬರುತ್ತಲೇ ಇರುತ್ತದೆ. ಸಂಜೆ ಬಸ್ಸಿನಲ್ಲಿ ಆ ಮೆಸೇಜನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇಡೀ ಬಸ್ಸು ಕೇಳುತ್ತದೆ. ಗೇಟಿನಲ್ಲಿ ಇಳಿದವರು ಲೈನ್‌ಮನೆಗೆ ಇನ್ನೂ ಅರ್ಧ ಕಿಲೋಮೀಟರು ಕಾಫಿ ಗಿಡಗಳ ನಡುವೆ ನಡೆಯಬೇಕು. ಒಳ್ಳೆಯ ಡ್ರೈವರು ಬಸ್ಸನ್ನು ಕೂಡಲೇ ಬಿಡುವುದಿಲ್ಲ. ಹೆಡ್‌ಲೈಟನ್ನು ದಾರಿಯ ಕಡೆಗೆ ಹಿಡಿದು, ಇಳಿದವರು ಮೊದಲ ತಿರುವು ಕಳೆಯುವವರೆಗೆ ನಿಲ್ಲುತ್ತಾನೆ. ಬಸ್ಸಿನೊಳಗೆ ಯಾರೂ ತಡವಾಯಿತು ಎನ್ನುವುದಿಲ್ಲ. ಬಸ್ಸು ತಪ್ಪಿಸಿಕೊಂಡವರು ಅದೇ ದಾರಿಯನ್ನು ಟಾರ್ಚು ಹಿಡಿದು, ಜೋರಾಗಿ ಮಾತಾಡುತ್ತ, ನಡೆಯುತ್ತಾರೆ. ಮಾಲ್ದಾರೆ, ಚೆನ್ನಯ್ಯನಕೋಟೆಯ ಕಡೆ ಬೆಳಗಿನ ಜಾವ ಮತ್ತು ಮುಸ್ಸಂಜೆ ನಡೆದು ಹೋಗುತ್ತಿದ್ದ ಕಾರ್ಮಿಕರು ಆನೆಯ ಕಾಲಿಗೆ ಸಿಕ್ಕ ಸುದ್ದಿಗಳನ್ನು ಈ ಭಾಗದವರು ಎಷ್ಟೋ ಸಲ ಓದಿದ್ದಾರೆ. ಬಸ್ಸು ಇಲ್ಲಿ ಸೌಕರ್ಯದ ಮಾತಲ್ಲ, ಪ್ರಾಣದ ಮಾತು.

ಬೆಟ್ಟದ ನಾಡಿನಲ್ಲಿ ಬಸ್ಸು ಹೀಗೇ ಇರಬೇಕೆಂದೇನೂ ಇಲ್ಲ. ಸ್ವಿಟ್ಜರ್ಲೆಂಡಿನವರು 1982ರಲ್ಲಿ ಇಡೀ ದೇಶದ ವೇಳಾಪಟ್ಟಿಯನ್ನು ಒಂದೇ ಲಯಕ್ಕೆ ಕಟ್ಟಿದರು. ರೈಲು ಬಂದು ನಿಂತಾಗ ಬೆಟ್ಟದ ಹಳ್ಳಿಗೆ ಹೋಗುವ ಅಂಚೆಯ ಹಳದಿ ಬಸ್ಸು ಹೊರಗೆ ಸಿದ್ಧವಾಗಿರುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಮಾಕುಟ್ಟದಾಚೆಯ ಕೇರಳದಲ್ಲಿ 2022ರ ಜುಲೈಯಲ್ಲಿ ಗ್ರಾಮವಂಡಿ ಎಂಬ ಯೋಜನೆ ಶುರುವಾಯಿತು. ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯಲ್ಲಿ ಮೊದಲ ಬಸ್ಸು ಓಡಿತು. ಬಸ್ಸು, ಡ್ರೈವರು, ಕಂಡಕ್ಟರು ಸಾರಿಗೆ ನಿಗಮದವರು. ಡೀಸೆಲಿನ ಖರ್ಚು ಪಂಚಾಯಿತಿಯದು. ದಾರಿಯನ್ನೂ ಹೊತ್ತನ್ನೂ ಹೇಳುವುದು ಪಂಚಾಯಿತಿ. ಊರಿಗೆ ಬೇಕಾದ ಬಸ್ಸನ್ನು ಊರೇ ಕೇಳಿ ತರಿಸಿಕೊಳ್ಳುವ ದಾರಿ ಅದು.

ಪಾಲಿಬೆಟ್ಟಕ್ಕೆ ಬೇಕಿರುವುದು ದೊಡ್ಡದೇನಲ್ಲ. ಮೈಸೂರಿನ ಸಂಜೆ ಬಸ್ಸು ಬಂದ ಮೇಲೆ ಗೋಣಿಕೊಪ್ಪದಿಂದ ಹೊರಡುವ ಒಂದು ಟ್ರಿಪ್ಪು, ಅಂಗಡಿಗಳು ಮುಚ್ಚಿದ ಮೇಲೆ ಸಿದ್ದಾಪುರದಿಂದ ಹೊರಡುವ ಇನ್ನೊಂದು. ಜುಲೈಯಲ್ಲೂ ಕಟ್ ಆಗದಂಥವು. ಗೋಣಿಕೊಪ್ಪಕ್ಕೆ ಹೋಗಿ ಬರಲು ಇಪ್ಪತ್ತೈದು ಕಿಲೋಮೀಟರು ಹಿಡಿಯೋಣ. ಈ ಏರಿಳಿತದ ರಸ್ತೆಯಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರು ಎಂದರೂ ದಿನಕ್ಕೆ ಆರು ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲು. ಇವತ್ತಿನ ದರದಲ್ಲಿ ಅದು ಆರುನೂರು ರೂಪಾಯಿಯ ಒಳಗೆ ಮುಗಿಯುತ್ತದೆ. ಪಂಚಾಯಿತಿ ಒಂದು ಪಾಲು, ಆಳುಗಳನ್ನು ಇಟ್ಟುಕೊಂಡ ದೊಡ್ಡ ತೋಟಗಳು ಒಂದು ಪಾಲು, ಉಳಿದದ್ದು ಟಿಕೆಟ್ಟಿನಿಂದ. ಬಸ್ಸು ಯಾರದೇ ಆಗಿರಲಿ. ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಗೋಣಿಕೊಪ್ಪದ ಅಂಗಡಿಗಳಲ್ಲಿ ದುಡಿಯುವ ಹುಡುಗಿಯರ ಸಹಿ ಮೊದಲು ಹಾಕಿಸಿ ಕೊಡಬೇಕು.